ದವಡೆ ಕೀಲಿನ ಮುಂದೆ ಅವಸರ ಬೇಡ

ನೋಡಮ್ಮ, ಕಿವಿಯ ಮುಂದೆ ಬೆರಳಿಟ್ಟು "ಡಾಕ್ಟ್ರೇ, ಇಲ್ಲಿ ನೋವು, ಬಾಯಿ ತೆಗೆದ್ರೆ ಟಕ್ ಅನ್ನುತ್ತೆ" ಎನ್ನುವವರು ನಿನ್ನ ಹೊಸ ಕ್ಲಿನಿಕ್‌ಗೂ ಬರುತ್ತಾರೆ. ಕೆಲವರು ಅಷ್ಟರಲ್ಲಿ ಕಿವಿ ಡಾಕ್ಟರಿಗೆ ತೋರಿಸಿ ಬಂದಿರುತ್ತಾರೆ. ಇನ್ನು ಕೆಲವರು ಮೇಲಿನ ದವಡೆ ಹಲ್ಲನ್ನೇ ತೋರಿಸಿ, ಕಿತ್ತುಬಿಡಿ ಎನ್ನುತ್ತಾರೆ. ಆ ಹಲ್ಲಿನಲ್ಲಿ ಹುಳುಕಿಲ್ಲ, ತಟ್ಟಿದರೆ ನೋವಿಲ್ಲ, ಎಕ್ಸ್‌ರೇಯಲ್ಲೂ ಏನಿಲ್ಲ ಎಂದಾದರೆ ಅದಕ್ಕೆ ಕೈ ಹಾಕಬೇಡ. ಕೆನ್ನೆಯ ಸ್ನಾಯುವಿನ ನೋವು ಹಲ್ಲಿನಲ್ಲಿ ಕಾಣಿಸಿಕೊಳ್ಳುವುದುಂಟು.

ಮೊದಲು ಕೇಳು, ಆಮೇಲೆ ಮುಟ್ಟು. ಕೆನ್ನೆ, ಕಣತಲೆಯ ಸ್ನಾಯುಗಳನ್ನು ಸುಮಾರು 1 ಕಿಲೋ ಭಾರದಷ್ಟು ಒತ್ತಬೇಕು. ಕೀಲಿನ ಮೇಲೆ ಅದರ ಅರ್ಧ ಸಾಕು. ಅಡುಗೆಮನೆಯ ತೂಕದ ಯಂತ್ರದ ಮೇಲೆ ಬೆರಳೊತ್ತಿ ಅಭ್ಯಾಸ ಮಾಡಿಕೋ. "ನೋವಾಗುತ್ತಾ?" ಎಂದಷ್ಟೇ ಕೇಳಿದರೆ ಸಾಲದು, "ನೀವು ಹೇಳಿದ ನೋವು ಇದೇನಾ?" ಎಂದು ಕೇಳು. 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡ ಈ ಪ್ರಶ್ನೆಗೇ ಹೆಚ್ಚು ತೂಕ ಕೊಡುತ್ತದೆ. ಬಾಯಿ ಎಷ್ಟು ತೆರೆಯಿತೆಂದು ಸ್ಕೇಲ್ ಇಟ್ಟು ಬರೆದುಕೋ. ದೊಡ್ಡವರಲ್ಲಿ 40 ಮಿ.ಮೀ.ಗಿಂತ ಕಡಿಮೆಯಿದ್ದರೆ ಯಾಕೆಂದು ಹುಡುಕಬೇಕು. ಟಕ್ ಎನ್ನುತ್ತಿದ್ದ ಕೀಲು ಇದ್ದಕ್ಕಿದ್ದಂತೆ ಸದ್ದು ನಿಲ್ಲಿಸಿ, ಬಾಯಿ ಅರ್ಧಕ್ಕೇ ನಿಂತು ದವಡೆ ಆ ಪಕ್ಕಕ್ಕೇ ವಾಲಿದರೆ, ಒಳಗಿನ ಡಿಸ್ಕ್ ಮುಂದೆ ಜಾರಿ ಸಿಕ್ಕಿಕೊಂಡಿರಬಹುದು. ಬರೀ ಸದ್ದಿದ್ದು ನೋವಿಲ್ಲದಿದ್ದರೆ, ಬಾಯಿ ಸಲೀಸಾಗಿ ತೆರೆಯುತ್ತಿದ್ದರೆ, ಧೈರ್ಯ ಹೇಳಿ ಕಳಿಸು.

ಬಾಯಿ ತೆರೆಯಲಾಗದವರೆಲ್ಲ ಕೀಲಿನ ರೋಗಿಗಳಲ್ಲ. ನಮ್ಮಲ್ಲಿ ಅಡಿಕೆ, ಗುಟ್ಕಾ ಜಗಿಯುವವರು ಬಹಳ. ಕೆನ್ನೆಯ ಒಳಗೆ ಬೆರಳಾಡಿಸಿ, ಚರ್ಮ ಬಿಳಿಚಿ ಪಟ್ಟಿಯಂತೆ ಬಿಗಿದಿದೆಯೇ ನೋಡು. ಹುಣ್ಣು, ಗಂಟು, ಬುದ್ಧಿಹಲ್ಲಿನ ಸೋಂಕು ಕೂಡ ನೋಡು. 50 ದಾಟಿದವರು ಊಟ ಮಾಡುತ್ತಿದ್ದಂತೆ ದವಡೆ ಸೋಲುತ್ತದೆ, ಕಣತಲೆ ನೋಯುತ್ತದೆ, ಕಣ್ಣು ಮಂಜು ಎಂದರೆ ಅದೇ ದಿನ ಆಸ್ಪತ್ರೆಗೆ ಕಳಿಸು. ಅದು ಕಣತಲೆಯ ರಕ್ತನಾಳದ ಉರಿಯೂತವಾಗಿದ್ದರೆ ದೃಷ್ಟಿಯೇ ಹೋದೀತು. ಮೆಟ್ಟಿಲು ಹತ್ತುವಾಗ ಬಂದು ಕೂತರೆ ಹೋಗುವ ದವಡೆ ನೋವು ಹೃದಯದ್ದಿರಬಹುದು.

ಚಿಕಿತ್ಸೆಗೆ ಬಂದರೆ, ಹಿಂದಕ್ಕೆ ತರಲಾಗದ್ದನ್ನು ಮೊದಲು ಮಾಡಬೇಡ. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್, ಹಲ್ಲು ಹೋಗಿ ದವಡೆ ಕುಸಿದು ಕೀಲು ಒತ್ತುವುದೇ ಈ ನೋವಿಗೆ ಮೂಲ ಎಂದರು. ಹಲ್ಲು ಕೂಡುವ ರೀತಿಯಲ್ಲೇ ತಪ್ಪಿದೆ ಎಂಬ ನಂಬಿಕೆ ದಶಕಗಟ್ಟಲೆ ಉಳಿದು, ಎಷ್ಟೋ ಗಟ್ಟಿ ಹಲ್ಲುಗಳು ಸವೆಸಿಕೊಂಡವು, ಕ್ಯಾಪ್ ಹಾಕಿಸಿಕೊಂಡವು. 1980ರ ದಶಕದಲ್ಲಿ ಡಿಸ್ಕ್ ತೆಗೆದು ಟೆಫ್ಲಾನ್ ಕೂಡಿಸಿದವರಲ್ಲಿ ಅದು ಪುಡಿಯಾಗಿ ಎಲುಬನ್ನೇ ತಿಂದಿತು. ನಂಬಿ ಬಾಯಿ ತೆರೆದ ಜನ ಅವರು.

ಹೆಚ್ಚಿನವರಿಗೆ ಸರಳ ಆರೈಕೆಯೇ ಸಾಕಾಗುತ್ತದೆ. ಕೆಲವು ವಾರ ಚಕ್ಕುಲಿ, ಕಬ್ಬು, ಚೂಯಿಂಗ್ ಗಮ್ ಬೇಡ. ಬಿಸಿ ಶಾಖ, ಮೆಲ್ಲನೆಯ ವ್ಯಾಯಾಮ, ಬೇಕಿದ್ದರೆ ಕೆಲವೇ ದಿನ ನೋವಿನ ಮಾತ್ರೆ. ತುಟಿ ಮುಚ್ಚಿರಲಿ, ಹಲ್ಲು ಬಿಡಿಯಾಗಿರಲಿ ಎಂದು ಹೇಳಿಕೊಡು. ಹಗಲೆಲ್ಲ ಹಲ್ಲು ಕಚ್ಚಿ ಕೂರುವುದು ಅವರಿಗೇ ತಿಳಿದಿರುವುದಿಲ್ಲ. ರಾತ್ರಿಗೆ ಸ್ಪ್ಲಿಂಟ್ ಕೊಟ್ಟರೆ ಎಲ್ಲ ಹಲ್ಲನ್ನೂ ಮುಚ್ಚುವಂಥದ್ದೇ ಕೊಡು, ಮತ್ತೆ ಕರೆಸಿ ನೋಡು. ನಿದ್ದೆ ಹೇಗಿದೆ, ಮನಸ್ಸಿಗೆ ಏನು ಕಾಡುತ್ತಿದೆ ಎಂದು ಕೇಳುವುದಕ್ಕೆ ಸಂಕೋಚಪಡಬೇಡ. ನೋವು ಬೇರೂರುವುದರಲ್ಲಿ ಅವುಗಳ ಪಾಲು ದೊಡ್ಡದು. ಮೂರು ತಿಂಗಳಾದರೂ ಇಳಿಯದಿದ್ದರೆ ಮುಖದ ನೋವಿನ ಅನುಭವವಿರುವ ತಜ್ಞರಿಗೆ ಬರೆದುಕೊಡು. ಆ ಪತ್ರದಲ್ಲಿ ಮೊದಲ ದಿನದ ಅಳತೆಯೂ ಇರಲಿ.