ಶಾಲೆಯ ತೋಟದಲ್ಲಿ ಕೊಯ್ಯುವ ಪಾಠ

ಹಳ್ಳಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಕಾಯಿಪಲ್ಯದ ತೋಟವನ್ನು ಆರಂಭಿಸುವದು ಕಷ್ಟವಲ್ಲ. ಬಿತ್ತುವ ದಿವಸ ಉಪಾಧ್ಯಾಯರೂ ಮಕ್ಕಳೂ ಊರ ಹಿರಿಯರೂ ಕೂಡುವರು. ಕೊಯ್ಯುವ ದಿವಸವನ್ನಾದರೋ ಯಾರೂ ಗೊತ್ತುಮಾಡಿರುವದಿಲ್ಲ. ಒಮ್ಮೆ ಒಂದು ಶಾಲೆಯಲ್ಲಿ, ನೋಡಲು ಬರುವವರಿಗೆ ತೋರಿಸೋಣವೆಂದು ನಾವೇ ಮಕ್ಕಳ ಕೈತಡೆದು ಬೆಂಡೆಕಾಯಿಗಳನ್ನು ಗಿಡದಲ್ಲಿ ಬಿಡಿಸಿದೆವು. ಬರತಕ್ಕವರು ಹತ್ತು ದಿವಸ ತಡಮಾಡಿ ಬಂದರು. ಅಷ್ಟರಲ್ಲಿ ಕಾಯಿಗಳು ಗೇಣುದ್ದವಾಗಿ ನಾರಾಗಿದ್ದವು. ಸಾರಿಗೆ ಒಂದಾದರೂ ಬರಲಿಲ್ಲ. ಎರಡು ತಿಂಗಳು ನೀರು ಹೊತ್ತ ಮಕ್ಕಳಿಗೆ ಏನು ಹೇಳಬೇಕೆಂದು ನಮಗೆ ತೋಚಲಿಲ್ಲ.

ನಷ್ಟವು ಆ ಕಾಯಿಗಳಷ್ಟೇ ಅಲ್ಲ. ಬೆಂಡೆಯ ಗಿಡವು ಕಾಯಿ ಬಿಡುವದು ಬೀಜಕ್ಕೋಸ್ಕರವೇ. ಬೀಜ ಬಲಿಯತೊಡಗಿದರೆ ಗಿಡವು ತನ್ನ ಸಾರವನ್ನೆಲ್ಲಾ ಅದಕ್ಕೆ ಕೊಟ್ಟು ಹೊಸ ಹೂಗಳನ್ನು ಕಡಿಮೆಮಾಡುವದು. ಎಳೆಯ ಕಾಯನ್ನು ಕೊಯ್ಯುತ್ತಿದ್ದರೆ ಮತ್ತೆ ಮತ್ತೆ ಹೂ ಬಿಡುವದು. ಆದಕಾರಣ ಹೆಚ್ಚು ಕೊಯ್ದವನಿಗೇ ಹೆಚ್ಚು ಕಾಯಿ. ಹೀರೆ, ಚವಳಿ, ಸೌತೆಗಳಲ್ಲಿಯೂ ಹೀಗೆಯೇ ಉಂಟು.

ಮುಂಗಾರು ಮಳೆ ಹಿಡಿದು ಶಾಲೆ ತೆರೆದಾಗ, ಅಂದರೆ ಜೂನ್ ತಿಂಗಳಲ್ಲಿ, ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಮೊಳಕ್ಕೊಂದು ಸಾಲು, ಗೇಣಿಗೊಂದು ಗಿಡದಂತೆ ಊರತಕ್ಕದ್ದು. ಎರೆಯ ಭೂಮಿಯಲ್ಲಿ ನೀರು ನಿಲ್ಲುವದರಿಂದ ಮಡಿಯನ್ನು ಎತ್ತರಿಸಬೇಕು. ಗೊಬ್ಬರವು ಚೆನ್ನಾಗಿ ಕಳಿತದ್ದಾಗಿರಲಿ. ಹಸೀ ಸಗಣಿಯು ಗೆದ್ದಲನ್ನು ಕರೆಯುವದು. ಸುಮಾರು 45ರಿಂದ 50 ದಿವಸಗಳಲ್ಲಿ ಮೊದಲನೆಯ ಕೊಯ್ಲು. ಹೂವರಳಿದ ಐದಾರು ದಿವಸಕ್ಕೆ ಕಾಯಿ ಸಿದ್ಧ. ತುದಿಯನ್ನು ಬೊಗ್ಗಿಸಿದರೆ ಚಟ್ಟನೆ ಮುರಿಯಬೇಕು. ಬಳುಕಿದರೆ ಸಮಯ ಮೀರಿತು. (ಸಂತೆಯಲ್ಲಿ ನಮ್ಮ ಹೆಂಗಸರು ಮಾಡುವ ಪರೀಕ್ಷೆಯೂ ಇದೇ, ಮಾರುವವನು ಮಾತ್ರ ಸಿಟ್ಟಾಗುತ್ತಾನೆ.) ದಿನ ಬಿಟ್ಟು ದಿನ, ಬೆಳಿಗ್ಗೆ, ತೊಟ್ಟನ್ನು ಚೂರಿಯಿಂದ ಕೊಯ್ಯುವದು ಒಳ್ಳೇದು. ಎಳೆದರೆ ರೆಂಬೆ ಸಿಗಿಯುವದು. ಗಿಡದ ಸುಂಕಿನಿಂದ ಕೈ ತುರಿಸುವದರಿಂದ ಚಿಕ್ಕ ಮಕ್ಕಳಿಗೆ ಬುಟ್ಟಿ ಹಿಡಿಯುವ ಕೆಲಸವನ್ನು ಕೊಡಿರಿ.

ಅಷ್ಟು ದಿವಸ ಕಾಯುವ ತಾಳ್ಮೆ ಚಿಕ್ಕವರಿಗೆ ಎಲ್ಲಿಯದು? ಅವರಿಗೋಸ್ಕರ ಹರಿವೆಯ ಒಂದು ಮಡಿ ಇರಲಿ. ಸಾಸಿವೆಗಿಂತಲೂ ಸಣ್ಣ ಬೀಜವಾದದರಿಂದ ಮರಳು ಬೆರಸಿ ಚೆಲ್ಲಿದರೆ ಒಂದು ತಿಂಗಳೊಳಗೆ ಸೊಪ್ಪು ಸಿಗುವದು. ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಬುಡವು ಮತ್ತೆ ಚಿಗುರುವದು.

ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹವು ಆರಂಭವಾದ ಮೇಲೆ ಸರಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಊಟವುಂಟು. ಕೇಂದ್ರ ಸರಕಾರವು 2019ರಲ್ಲಿ ಶಾಲೆಯ ಪೌಷ್ಟಿಕ ತೋಟಗಳ ವಿಷಯವಾಗಿ ಸೂಚನೆಗಳನ್ನು ಹೊರಡಿಸಿತು. ನೆಲವಿಲ್ಲದ ಕಡೆ ಕುಂಡಗಳಲ್ಲಿಯಾದರೂ ಬೆಳಸಬಹುದು. ಆದದರಿಂದ ಕೊಯ್ಲಿನ ದಿವಸಗಳನ್ನು ಗೊತ್ತುಮಾಡುವಾಗ ಅಡಿಗೆಯವರನ್ನು ಕೇಳತಕ್ಕದ್ದು. ಅಕ್ಕಿ ತೊಳೆದ ನೀರು ತೋಟಕ್ಕೆ, ತೋಟದ ಕಾಯಿ ಅದೇ ದಿವಸದ ಸಾರಿಗೆ.

ಬೀಜದ ಮಾತು ಉಳಿಯಿತು. ಕೊನೆಗೆ ಉಳಿದ ಮುದಿಕಾಯಿಗಳನ್ನು ಬೀಜಕ್ಕಿಡುವದು ಸೋಮಾರಿತನ. ಆಗಸ್ಟ್ ತಿಂಗಳ ನಡುವೆ, ಗಿಡಗಳು ಬಲವಾಗಿರುವಾಗಲೇ, ಎಲ್ಲಕ್ಕಿಂತ ಚೆನ್ನಾದ ಎರಡು ಮೂರು ಗಿಡಗಳನ್ನು ಮಕ್ಕಳಿಂದಲೇ ಆರಿಸಿ ಕೆಂಪು ದಾರ ಕಟ್ಟಿಸಿರಿ. ಎಲೆಯ ನರಗಳು ಹಳದಿಯಾದ ಗಿಡ ಬೇಡ. ಆ ರೋಗವು ಬಿಳಿನೊಣದಿಂದ ಹರಡುವದರಿಂದ ಅದನ್ನು ಕಿತ್ತುಹಾಕುವದೇ ಲೇಸು. ದಾರ ಕಟ್ಟಿದ ಕಾಯಿಗಳು ದಸರೆಯ ರಜೆಯ ಹೊತ್ತಿಗೆ ಒಣಗಿ ಬಿರಿಯತೊಡಗುವವು. ರಜೆಗೆ ಮುಂಚೆ ಬಿಡಿಸಿ, ಬೂದಿ ಬೆರಸಿ, ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ಮೇಲೆ ಇಸವಿಯನ್ನು ಬರೆಯಿಸಿರಿ.