ಕಾಡ್ಗಿಚ್ಚು ಮತ್ತು ವರ್ತಕರ ಸರಕು: ಮುನ್ಸೂಚನೆ, ನೆರವು ಹಾಗೂ ವಿಮಾ ಪರಿಹಾರ

ಮೈಸೂರಿನ ಲಕ್ಷ್ಮೀಪುರಂನಲ್ಲಿ ಅಂಗಡಿ ಅಥವಾ ಕಚೇರಿ ಹೊಂದಿರುವ ವರ್ತಕರಿಗೆ ಕಾಡ್ಗಿಚ್ಚು ದೂರದ ಸಂಗತಿಯೆಂದು ತೋರುವುದು ಸಹಜ. ಆದರೆ 2025ರ ಫೆಬ್ರವರಿಯಲ್ಲಿ ನಗರದ ಅಂಚಿನ ಚಾಮುಂಡಿ ಬೆಟ್ಟದ ಕುರುಚಲು ಕಾಡಿಗೇ ಬೆಂಕಿ ಬಿದ್ದಿತು. ಇದಲ್ಲದೆ, ನಗರದ ಅನೇಕ ವರ್ತಕರ ಸರಕು ಇರುವುದು ನಗರದೊಳಗಲ್ಲ. ನಂಜನಗೂಡು, ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಗಳ ಗೋದಾಮುಗಳಲ್ಲಿ. ಊಟಿ ಹಾಗೂ ಸುಲ್ತಾನ್ ಬತ್ತೇರಿಗೆ ಸಾಗುವ ಲಾರಿಗಳು ಬಂಡೀಪುರದ ಅರಣ್ಯವನ್ನು ಹಾದೇ ಹೋಗಬೇಕು. ಆದ್ದರಿಂದ ಕಾಡಿನ ಬೆಂಕಿಯ ಬಗ್ಗೆ ಸೂಚನೆ ಎಲ್ಲಿಂದ ದೊರೆಯುತ್ತದೆ, ನಷ್ಟವಾದರೆ ಯಾರು ಎಷ್ಟು ನೆರವಾಗುತ್ತಾರೆ ಎಂಬುದನ್ನು ವರ್ತಕರು ಮೊದಲೇ ಅರಿತಿರುವುದು ಲೇಸು.

2019ರ ಅನುಭವ

2019ರ ಫೆಬ್ರವರಿ 21ರ ಸುಮಾರಿಗೆ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಕಾಣಿಸಿಕೊಂಡ ಬೆಂಕಿ ಐದು ದಿನಗಳಲ್ಲಿ 10,000 ಎಕರೆಗೂ ಹೆಚ್ಚು ಪ್ರದೇಶವನ್ನು ಆವರಿಸಿತೆಂದು ಉಪಗ್ರಹ ಚಿತ್ರಗಳಿಂದ ತಿಳಿದುಬಂದಿತು. ಒಣಗಿದ ಲಂಟಾನ ಪೊದೆ ಮತ್ತು ಹುಲ್ಲು ಉರುವಲಾದರೆ, ಬಲವಾದ ಗಾಳಿ ಅದನ್ನು ಹರಡಿತು. ಫೆಬ್ರವರಿ 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಮೇಲಿನಿಂದ ನೀರು ಸುರಿಯಬೇಕಾಯಿತು. ಅದಕ್ಕೂ ಎರಡು ವರ್ಷ ಮುನ್ನ, 2017ರ ಫೆಬ್ರವರಿಯಲ್ಲಿ, ಇದೇ ಬಂಡೀಪುರದಲ್ಲಿ ಬೆಂಕಿಯೊಡನೆ ಹೋರಾಡುತ್ತಾ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತಿದ್ದರು.

2019ರ ಹಾನಿ ಬಹುಮಟ್ಟಿಗೆ ಅರಣ್ಯಕ್ಕೇ ಸೀಮಿತವಾಯಿತು. ಅಂಥ ಬೆಂಕಿ ಊರನ್ನು ಹೊಕ್ಕರೆ ಏನಾಗುವುದೆಂಬುದನ್ನು ಆಸ್ಟ್ರೇಲಿಯಾ ಕಂಡಿದೆ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾ ರಾಜ್ಯದಲ್ಲಿ ಹೊತ್ತಿದ ಬೆಂಕಿಗೆ 173 ಮಂದಿ ಬಲಿಯಾದರು, 2,000ಕ್ಕೂ ಹೆಚ್ಚು ಮನೆಗಳು ನಾಶವಾದವು. ಮ್ಯಾರಿಸ್‌ವಿಲ್ ಎಂಬ ಪುಟ್ಟ ಪ್ರವಾಸಿ ಪಟ್ಟಣ ಬಹುಪಾಲು ಸುಟ್ಟುಹೋಯಿತು. ಈಗ ಆ ದೇಶದಲ್ಲಿ ಎಚ್ಚರಿಕೆಯನ್ನು ಮೂರು ಹಂತಗಳಲ್ಲಿ ನೀಡಲಾಗುತ್ತದೆ: ಮಾಹಿತಿ, ಸಿದ್ಧತೆ, ತುರ್ತು. ಪ್ರತಿ ಹಂತದಲ್ಲಿ ಏನು ಮಾಡಬೇಕೆಂಬುದು ನಿವಾಸಿಗೂ ಅಂಗಡಿಕಾರನಿಗೂ ಮೊದಲೇ ಗೊತ್ತಿರುತ್ತದೆ.

ಸೂಚನೆ ಎಲ್ಲಿಂದ?

ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಉಪಗ್ರಹಗಳ ನೆರವಿನಿಂದ ಕಾಡಿನ ಬೆಂಕಿಯನ್ನು ಗುರುತಿಸಿ ಮೊಬೈಲ್ ಸಂದೇಶ ಕಳುಹಿಸುತ್ತದೆ. ಅರಣ್ಯ ಸಿಬ್ಬಂದಿಯಷ್ಟೇ ಅಲ್ಲದೆ ಸಾರ್ವಜನಿಕರೂ ಇದಕ್ಕೆ ನೋಂದಾಯಿಸಿಕೊಳ್ಳಬಹುದು. ಆದರೆ ಉಪಗ್ರಹ ದಿನಕ್ಕೆ ಕೆಲವೇ ಬಾರಿ ಹಾದುಹೋಗುವುದರಿಂದ ಬೆಂಕಿ ಹೊತ್ತಿದ ತಕ್ಷಣ ಸಂದೇಶ ಬರುವುದಿಲ್ಲ. ಹೊಗೆ ಕಂಡವರ ಕರೆಯೇ ಅದಕ್ಕಿಂತ ಶೀಘ್ರವಾದ ಸೂಚನೆ. ರಾಜ್ಯ ಅರಣ್ಯ ಇಲಾಖೆಯ ಸಹಾಯವಾಣಿ 1926, ಅಗ್ನಿಶಾಮಕ ಸೇವೆ 101, ಎಲ್ಲ ಬಗೆಯ ತುರ್ತು ನೆರವಿಗೆ 112. ಈ ಮೂರು ಸಂಖ್ಯೆಗಳು ಗೋದಾಮಿನ ಕಾವಲುಗಾರನಿಗೂ ಲಾರಿ ಚಾಲಕನಿಗೂ ಕಂಠಪಾಠವಾಗಿರಬೇಕು.

ಸರ್ಕಾರಿ ನೆರವಿನ ಮಿತಿ

ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ನೆರವು ನೀಡಬಹುದಾದ ವಿಪತ್ತುಗಳಲ್ಲಿ ಬೆಂಕಿಯೂ ಸೇರಿದೆ. ಆದರೆ ಅದರ ಮಾನದಂಡಗಳು ಜೀವಹಾನಿ, ಗಾಯ, ವಾಸದ ಮನೆ, ಬೆಳೆ, ಜಾನುವಾರು, ಕುಶಲಕರ್ಮಿಗಳ ಉಪಕರಣ ಇತ್ಯಾದಿಗಳಿಗೆ ಸಂಬಂಧಿಸಿದವು. ವರ್ತಕರ ದಾಸ್ತಾನು ಅವುಗಳಲ್ಲಿ ಇಲ್ಲ. ವಿಪತ್ತಿಗೀಡಾದ ಪ್ರದೇಶದ ಸಾಲಗಾರರಿಗೆ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಂತೆ ಬ್ಯಾಂಕುಗಳು ಮರುಪಾವತಿಯ ಅವಧಿಯನ್ನು ವಿಸ್ತರಿಸಬಹುದಾದರೂ, ಅದು ಸಾಲದ ಭಾರವನ್ನು ಮುಂದೂಡುತ್ತದೆಯೇ ಹೊರತು ನಷ್ಟವನ್ನು ತುಂಬುವುದಿಲ್ಲ. ಹೀಗಾಗಿ ವರ್ತಕನ ಪಾಲಿಗೆ ಉಳಿಯುವ ನಿಜವಾದ ಆಸರೆ ವಿಮೆಯೊಂದೇ.

ಪಾಲಿಸಿಯಲ್ಲಿನ ಒಂದು ಪದ

ಹಲವು ವರ್ಷಗಳಿಂದ ಬಳಕೆಯಲ್ಲಿರುವ ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್ ಪಾಲಿಸಿಯಲ್ಲಿ ‘ಬುಷ್ ಫೈರ್’, ಅಂದರೆ ಕುರುಚಲು ಬೆಂಕಿಗೆ ರಕ್ಷಣೆಯುಂಟು. ಆದರೆ ಅದೇ ಸಾಲಿನಲ್ಲಿ ‘ಫಾರೆಸ್ಟ್ ಫೈರ್’, ಅಂದರೆ ಅರಣ್ಯದ ಬೆಂಕಿಯಿಂದಾದ ಹಾನಿಯನ್ನು ಹೊರತುಪಡಿಸಲಾಗಿದೆ. ಆ ರಕ್ಷಣೆ ಬೇಕಾದವರು ಹೆಚ್ಚುವರಿ ಕಂತು ತೆತ್ತು ಅದನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಕಾಡಂಚಿನಲ್ಲಿ ಗೋದಾಮು ಉಳ್ಳವರಿಗೆ ಈ ಒಂದು ಪದದ ವ್ಯತ್ಯಾಸವೇ ಪರಿಹಾರಕ್ಕೂ ಬರಿಗೈಗೂ ನಡುವಿನ ಅಂತರವಾಗಬಲ್ಲದು.

2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪಾಲಿಸಿಗಳಲ್ಲಿ ಈ ತೊಡಕು ನಿವಾರಣೆಯಾಗಿದೆ. ಒಂದು ಸ್ಥಳದಲ್ಲಿನ ಆಸ್ತಿಯ ಮೌಲ್ಯ 5 ಕೋಟಿ ರೂಪಾಯಿಯವರೆಗೆ ಇದ್ದರೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’, 5 ಕೋಟಿ ಮೀರಿ 50 ಕೋಟಿಯವರೆಗೆ ಇದ್ದರೆ ‘ಭಾರತ್ ಲಘು ಉದ್ಯಮ್ ಸುರಕ್ಷಾ’ ಅನ್ವಯಿಸುತ್ತದೆ. ಇವೆರಡರಲ್ಲೂ ಕುರುಚಲು ಬೆಂಕಿ, ಅರಣ್ಯದ ಬೆಂಕಿ ಎರಡಕ್ಕೂ ರಕ್ಷಣೆಯಿದೆ. ತಮ್ಮ ಬಳಿ ಯಾವ ಪಾಲಿಸಿ ಇದೆ, ಅದರ ಒಕ್ಕಣೆ ಏನು ಎಂಬುದನ್ನು ಪ್ರತಿಯೊಬ್ಬರೂ ನವೀಕರಣಕ್ಕೆ ಮೊದಲು ಓದಿ ನೋಡತಕ್ಕದ್ದು.

ಪರಿಹಾರ ಕಡಿಮೆಯಾಗುವ ಬಗೆ

ರಕ್ಷಣೆ ಇದ್ದರೂ ಪೂರ್ಣ ಮೊತ್ತ ಕೈಸೇರದಿರಲು ನಾಲ್ಕು ಕಾರಣಗಳಿವೆ.

ಮೊದಲನೆಯದು ವಿಳಾಸ. ಪಾಲಿಸಿಯು ಅದರ ಪಟ್ಟಿಯಲ್ಲಿ ನಮೂದಾದ ಸ್ಥಳಕ್ಕೆ ಅನ್ವಯಿಸುತ್ತದೆ. ಲಕ್ಷ್ಮೀಪುರಂ ಕಚೇರಿಯ ವಿಳಾಸಕ್ಕೆ ಮಾಡಿಸಿದ ವಿಮೆಯನ್ನು ನಂಬಿ ಗುಂಡ್ಲುಪೇಟೆಯ ಗೋದಾಮಿನಲ್ಲಿ ಕಾಯಂ ಆಗಿ ಅರಿಸಿನ ದಾಸ್ತಾನು ಇಡುವುದು ಅಪಾಯಕರ. ಪ್ರತಿ ಗೋದಾಮಿನ ವಿಳಾಸವೂ ಪಟ್ಟಿಯಲ್ಲಿರಬೇಕು. ಲಾರಿಯಲ್ಲಿ ಸಾಗುವ ಸರಕಿಗೆ ಸಾಗಣೆ ವಿಮೆಯನ್ನೇ ಬೇರೆಯಾಗಿ ಮಾಡಿಸಬೇಕು.

ಎರಡನೆಯದು ಒಡೆತನ. ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ, ಸ್ಪಷ್ಟವಾಗಿ ಘೋಷಿಸದ ಹೊರತು, ಕಮಿಷನ್ ಮೇಲೆ ಅಥವಾ ನಂಬಿಕೆಯ ಮೇಲೆ ಇರಿಸಿಕೊಂಡ ಅನ್ಯರ ಸರಕಿಗೆ ರಕ್ಷಣೆಯಿಲ್ಲ. ಮಂಡಿ ವರ್ತಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮೂರನೆಯದು ವಿಮಾ ಮೊತ್ತದ ಕೊರತೆ. ಉದಾಹರಣೆಗೆ, 20 ಲಕ್ಷ ರೂಪಾಯಿಯ ದಾಸ್ತಾನನ್ನು ಕೇವಲ 10 ಲಕ್ಷಕ್ಕೆ ವಿಮೆ ಮಾಡಿಸಿದ್ದು, ಬೆಂಕಿಯಿಂದ 8 ಲಕ್ಷ ನಷ್ಟವಾಯಿತೆನ್ನೋಣ. ಸರಾಸರಿ ನಿಯಮದಂತೆ ದೊರೆಯುವುದು ಅದರ ಅರ್ಧ, 4 ಲಕ್ಷ ಮಾತ್ರ. 2021ರ ಪಾಲಿಸಿಗಳಲ್ಲಿ ಶೇ. 15ರವರೆಗಿನ ಕೊರತೆಗೆ ವಿನಾಯಿತಿ ಇದೆ. ಈ ಉದಾಹರಣೆಯಲ್ಲಿನ ಕೊರತೆ ಶೇ. 50 ಆದ್ದರಿಂದ ಆ ವಿನಾಯಿತಿ ಇಲ್ಲಿ ನೆರವಾಗದು. ಬ್ಯಾಂಕಿಗೆ ಸಲ್ಲಿಸಿದ ದಾಸ್ತಾನು ವಿವರಣೆಯೊಡನೆ ವಿಮಾ ಮೊತ್ತವನ್ನು ಸರ್ವೇಯರ್ ಹೋಲಿಸಿ ನೋಡುವುದರಿಂದ ಎರಡೂ ಹೊಂದಿಕೊಳ್ಳುವಂತಿರಬೇಕು.

ನಾಲ್ಕನೆಯದು ತೆರಿಗೆ. ಸುಟ್ಟು ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)ರ ಪ್ರಕಾರ ಹಿಂದಿರುಗಿಸಬೇಕಾಗುತ್ತದೆ. ವಿಮಾ ಮೊತ್ತ ನಿಗದಿಪಡಿಸುವಾಗ ಈ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯುವ ಕುರಿತು ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಒಳಿತು.

ಬೆಂಕಿಯ ನಂತರದ ಕ್ರಮ

ಜನರ ಪ್ರಾಣರಕ್ಷಣೆಯಾದ ಮೇಲೆ ಮೊದಲ ಕೆಲಸ ವಿಮಾ ಕಂಪನಿಗೆ ತಿಳಿಸುವುದು. ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಕೂಡಲೇ ಸೂಚನೆ ನೀಡಿ, 15 ದಿನಗಳೊಳಗೆ ಲಿಖಿತವಾಗಿ ಕ್ಲೇಮ್ ಸಲ್ಲಿಸಬೇಕೆಂಬ ಷರತ್ತಿದೆ. ಸರ್ವೇಯರ್ ಬಂದು ನೋಡುವ ಮುನ್ನ ಅವಶೇಷಗಳನ್ನು ತೆರವುಗೊಳಿಸಬಾರದು. ಆದರೆ ಉಳಿದ ಸರಕು ಮತ್ತಷ್ಟು ಹಾಳಾಗದಂತೆ ಕಾಪಾಡುವುದು ವಿಮಾದಾರನ ಕರ್ತವ್ಯ. ಎಲ್ಲ ಕೋನಗಳಿಂದ ಛಾಯಾಚಿತ್ರ ತೆಗೆಸಬೇಕು. ಅಗ್ನಿಶಾಮಕ ಇಲಾಖೆಯ ವರದಿ, ಪೊಲೀಸ್ ದೂರಿನ ಪ್ರತಿ, ಬೆಂಕಿ ಕಾಡಿನಿಂದ ಬಂದಿದ್ದರೆ ಅರಣ್ಯ ಇಲಾಖೆಯ ಪತ್ರ, ಖರೀದಿ ಬಿಲ್ಲು ಮತ್ತು ದಾಸ್ತಾನು ಪುಸ್ತಕ ಇವು ಮುಖ್ಯ ದಾಖಲೆಗಳು. ಸರಕಿನ ಮೇಲೆ ಸಾಲವಿದ್ದು ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಪರಿಹಾರ ಮೊದಲು ಬ್ಯಾಂಕಿಗೆ ಸಂದಾಯವಾಗುವುದರಿಂದ ಬ್ಯಾಂಕಿಗೂ ಅಂದೇ ತಿಳಿಸಬೇಕು.

ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಏಕಮಾಲೀಕ ಸಂಸ್ಥೆಗಳು ಹಾಗೂ ಸೂಕ್ಷ್ಮ ಉದ್ದಿಮೆಗಳು ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ನಮ್ಮ ಭಾಗದಲ್ಲಿ ಕಾಡ್ಗಿಚ್ಚಿನ ಕಾಲ ಫೆಬ್ರವರಿಯಿಂದ ಮೇವರೆಗೆ. ಮಾರ್ಚ್ 31ರ ದಾಸ್ತಾನು ಎಣಿಕೆಯೂ ಇದೇ ಅವಧಿಯಲ್ಲಿ ಬರುತ್ತದೆ. ಎಣಿಕೆಗೆಂದು ಗೋದಾಮಿಗೆ ಹೋದಾಗಲೇ ಸುತ್ತಲಿನ ಒಣಹುಲ್ಲು ತೆಗೆಸಿ, ಪಾಲಿಸಿಯಲ್ಲಿನ ವಿಳಾಸ ಮತ್ತು ಮೊತ್ತವನ್ನು ಎಣಿಕೆಯೊಡನೆ ತಾಳೆ ನೋಡಿ, ಪಟ್ಟಿಯ ಒಂದು ಪ್ರತಿಯನ್ನು ಗೋದಾಮಿನ ಹೊರಗೆ ಬೇರೆಡೆ ಇರಿಸಿದರೆ ಬೆಂಕಿ ಬಂದ ದಿನ ವರ್ತಕನ ಕೈಯಲ್ಲಿ ಆಧಾರವಿರುತ್ತದೆ.