ಅರ್ಜಿ ತುಂಬುವಾಗ ಪುಟ ಏಕೆ ಬರಿದಾಗುತ್ತದೆ?

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಅನ್ನದ ದಾರಿ ಬೆಂಗಳೂರಿನ ರೈಲೇ ಆಗಿದೆ. ಉರಿಗಾಂ ನಿಲ್ದಾಣದಲ್ಲಿ ಬೆಳಗಿನ ಗಾಡಿ ಹತ್ತಿ, ಸೀಟು ಹಿಡಿದು, ನೀವು ಮೊಬೈಲಿನಲ್ಲಿ ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದೀರಿ ಎನ್ನಿ. ಹೆಸರು, ವಿಳಾಸ, ಅಂಕಗಳು ಎಲ್ಲ ಬರೆದಾಯಿತು. ಅಂಕಪಟ್ಟಿಯ ಫೋಟೊ ತೆಗೆಯಲು ಕ್ಯಾಮೆರಾ ತೆರೆದಿರಿ. ತಿರುಗಿ ಬರುವಷ್ಟರಲ್ಲಿ ಪುಟ ಮೊದಲಿನಿಂದ ತೆರೆದುಕೊಳ್ಳುತ್ತದೆ. ಬರೆದದ್ದು ಒಂದೂ ಇಲ್ಲ. ಬಂಗಾರಪೇಟೆ ಬರುವವರೆಗೂ ಮತ್ತೆ ಅದೇ ಕೆಲಸ.

ಏನೋ ತಪ್ಪು ಒತ್ತಿಬಿಟ್ಟೆ ಎಂದು ಕೊರಗಬೇಡಿ. ನಡೆದದ್ದೇನು ಎಂದು ನಿಧಾನವಾಗಿ ನೋಡೋಣ.

ನಮ್ಮ ತರಗತಿಯಲ್ಲಿ ಕಪ್ಪುಹಲಗೆ ಇರುತ್ತದೆ, ಮಕ್ಕಳ ಬಳಿ ನೋಟ್‌ಬುಕ್ ಇರುತ್ತದೆ. ಲೆಕ್ಕ ಬಿಡಿಸುವುದು ಹಲಗೆಯ ಮೇಲೆ, ಉಳಿಸಿಕೊಳ್ಳುವುದು ನೋಟ್‌ಬುಕ್ಕಿನಲ್ಲಿ. ಮುಂದಿನ ಮೇಷ್ಟ್ರು ಬಂದರೆ ಹಲಗೆ ಒರೆಸಲೇಬೇಕು; ಬರೆದುಕೊಳ್ಳದೆ ಹೋದದ್ದು ಹೋಯಿತು. ಫೋನಿನಲ್ಲೂ ಹೀಗೇ ಎರಡು ಜಾಗಗಳಿವೆ. ಡಬ್ಬಿಯ ಮೇಲೆ ‘4 ಜಿಬಿ, 64 ಜಿಬಿ’ ಎಂದು ಬರೆದಿರುತ್ತದಲ್ಲ, ಅದರಲ್ಲಿ ಚಿಕ್ಕ ಸಂಖ್ಯೆಯೇ ಹಲಗೆ. ಅದಕ್ಕೆ ರ‍್ಯಾಮ್ ಎನ್ನುತ್ತಾರೆ. ಆ ಕ್ಷಣದ ಕೆಲಸಕ್ಕೆ ಬೇಕಾದ ನೆನಪು ಅದು. ದೊಡ್ಡ ಸಂಖ್ಯೆ ಸ್ಟೋರೇಜ್, ಅಂದರೆ ನೋಟ್‌ಬುಕ್. ನೀವು ಅರ್ಜಿಯಲ್ಲಿ ಬರೆದ ಅಕ್ಷರಗಳು ‘ಸೇವ್’ ಆಗುವವರೆಗೆ ಸಾಮಾನ್ಯವಾಗಿ ಹಲಗೆಯ ಮೇಲಷ್ಟೇ ಇರುತ್ತವೆ.

ಹಲಗೆ ತುಂಬಿದಾಗ ಒರೆಸುವವರು ಯಾರು? ಫೋನನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಆಂಡ್ರಾಯ್ಡ್ ಅಥವಾ ಐಒಎಸ್. ಆಂಡ್ರಾಯ್ಡ್ ಮೊದಲು ಹಳೆಯ ಬರಹವನ್ನು ಒತ್ತಿ ಚಿಕ್ಕದು ಮಾಡಿ ಜಾಗ ಹೊಂದಿಸಿಕೊಳ್ಳುತ್ತದೆ. ಅದೂ ಸಾಲದಾದಾಗ, ಸದ್ಯ ಯಾರೂ ನೋಡದೆ ಇರುವುದನ್ನು ಅಳಿಸುತ್ತದೆ. ಕ್ಯಾಮೆರಾ ತೆರೆದ ಕ್ಷಣಕ್ಕೆ ನಿಮ್ಮ ಕಣ್ಣು ಕ್ಯಾಮೆರಾದ ಮೇಲಿದೆ. ಅರ್ಜಿಯ ಪುಟ ಹಿಂದಿನ ಸಾಲಿಗೆ ಸರಿದಿದೆ. ಕ್ಯಾಮೆರಾಕ್ಕೂ ಹಲಗೆಯಲ್ಲಿ ಬಹಳ ಜಾಗ ಬೇಕು. ನೀವು ಮರಳಿದಾಗ ಬ್ರೌಸರ್ ಪುಟವನ್ನು ಹೊಸದಾಗಿ ತರಿಸುತ್ತದೆ. ಕೆಲವು ಪುಟಗಳಲ್ಲಿ ನೀವು ಬರೆದದ್ದನ್ನೂ ಮತ್ತೆ ತುಂಬಿಕೊಡುತ್ತದೆ, ಎಲ್ಲದರಲ್ಲೂ ಅಲ್ಲ.

ಈಗ ನನಗೆ ಬಹಳ ಇಷ್ಟವಾದ ಲೆಕ್ಕವೊಂದನ್ನು ಹೇಳಬೇಕು, ಏಕೆಂದರೆ ಇದು ತಿಳಿದರೆ ವಿಷಯದ ಅರ್ಧ ತಿಳಿದಂತೆ. ಫೋಟೊ ಅಂದರೆ ಸಣ್ಣ ಬಣ್ಣದ ಚುಕ್ಕಿಗಳ ಆಯತ. ಒಂದೊಂದು ಚುಕ್ಕಿಯೂ ಒಂದು ಪಿಕ್ಸೆಲ್. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿಗಳು, ಒಟ್ಟು 1 ಕೋಟಿ 20 ಲಕ್ಷ. ಸ್ಟೋರೇಜಿನಲ್ಲಿ ಅದನ್ನು ಮಡಚಿಟ್ಟಿರುತ್ತಾರೆ, ಹಾಗಾಗಿ 3 ಎಂಬಿ ಸಾಕಾಗಬಹುದು. ಪುಟದ ಮೇಲೆ ತೋರಿಸಬೇಕಾದರೆ ಮಡಿಕೆ ಬಿಚ್ಚಬೇಕು. ಆಗ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು 4 ಬೈಟ್ ಬೇಕು. ಪೂರ್ಣ ಅಳತೆಯಲ್ಲಿ ಬಿಚ್ಚಿದರೆ 4 ಕೋಟಿ 80 ಲಕ್ಷ ಬೈಟ್, ಅಂದರೆ 48 ಎಂಬಿ! ಪೆಟ್ಟಿಗೆಯ ಮೂಲೆಯಲ್ಲಿದ್ದ ರೇಷ್ಮೆ ಸೀರೆ ಬಿಚ್ಚಿದರೆ ಮಂಚವನ್ನೆಲ್ಲ ತುಂಬುವ ಹಾಗೆ. ಅರ್ಜಿ ‘50 ಕೆಬಿ ಒಳಗಿರಲಿ’ ಎಂದು ಕೇಳಿತೆಂದು ಗುಣಮಟ್ಟವನ್ನಷ್ಟೇ ಇಳಿಸಿದರೆ, ಮಡಚಿದ ಗಾತ್ರ ಕಡಿಮೆಯಾಗುತ್ತದೆಯೇ ಹೊರತು ಬಿಚ್ಚಿದ ಗಾತ್ರವಲ್ಲ. ಅಳತೆಯನ್ನೇ 800ಕ್ಕೆ 600 ಮಾಡಿದರೆ ಸುಮಾರು 2 ಎಂಬಿಯಲ್ಲಿ ಮುಗಿಯುತ್ತದೆ.

ಹಾಗಾದರೆ ಒಂದು ಪುಟಕ್ಕೆ ಎಷ್ಟು ಎಂಬಿ ಮಿತಿ? ಎಲ್ಲ ಫೋನಿಗೂ ಹೊಂದುವ ಒಂದೇ ಸಂಖ್ಯೆ ಇಲ್ಲ. ಫೋನಿನ ರ‍್ಯಾಮ್, ತೆರೆದಿರುವ ಇತರ ಆ್ಯಪ್‌ಗಳು, ಬ್ರೌಸರಿನದೇ ನಿಯಮಗಳು ಸೇರಿ ಆ ಹೊತ್ತಿನ ಮಿತಿಯನ್ನು ತೀರ್ಮಾನಿಸುತ್ತವೆ. ಲ್ಯಾಪ್‌ಟಾಪ್ ಆದರೆ ಹಲಗೆ ತುಂಬಿದಾಗ ಒಂದಿಷ್ಟನ್ನು ಡಿಸ್ಕಿಗೆ ಇಳಿಸಿಡುತ್ತದೆ. ಫೋನಿನ ಸ್ಟೋರೇಜ್ ಪದೇ ಪದೇ ಬರೆದರೆ ಸವೆಯುತ್ತದೆ. ಆದ್ದರಿಂದ ಎಷ್ಟೋ ಫೋನುಗಳು ಆ ದಾರಿ ಹಿಡಿಯುವುದಿಲ್ಲ.

ಹಾಗಾಗಿ ಅರ್ಜಿ ತೆರೆಯುವ ಮೊದಲೇ ಫೋಟೊ ತೆಗೆದು, ಅಳತೆ ಇಳಿಸಿಟ್ಟುಕೊಳ್ಳಿ. ಉದ್ದ ಉತ್ತರಗಳನ್ನು ಮೊದಲು ನೋಟ್ಸ್ ಆ್ಯಪಿನಲ್ಲಿ ಬರೆದಿಡಿ. ಇಂದು ಸಂಜೆ ಬಿಡುವಾದಾಗ ಸಣ್ಣ ಪ್ರಯೋಗವನ್ನೂ ಮಾಡಿ: ಬ್ರೌಸರಿನಲ್ಲಿ ಚಿತ್ರಗಳು ತುಂಬಿರುವ ಹತ್ತು ಪುಟಗಳನ್ನು ಒಂದೊಂದಾಗಿ ತೆರೆಯಿರಿ, ಕ್ಯಾಮೆರಾಕ್ಕೆ ಹೋಗಿ ಬನ್ನಿ, ಆಮೇಲೆ ಮೊದಲು ತೆರೆದ ಪುಟವನ್ನು ಮುಟ್ಟಿ. ಅದು ಇದ್ದ ಹಾಗೇ ಕಾಣಿಸಿತೋ, ಹೊಸದಾಗಿ ತೆರೆಯಿತೋ ಗಮನಿಸಿ.